ಲೆನ್ಸಿನಿಂದ ಇಳಿದ ಭಾರ ಯಾರ ಹೆಗಲಿಗೆ?

ಹೋದ ತಿಂಗಳು ಪಕ್ಕದ ಹಳ್ಳಿಯ ಹುಡುಗನೊಬ್ಬ ನಮಗೆ ಫೋನ್ ಮಾಡಿದ. ಡಿಗ್ರಿ ಮುಗಿಸಿ, ಮದುವೆ, ತೊಟ್ಟಿಲು, ಗೃಹಪ್ರವೇಶದ ಫೋಟೊ ತೆಗೆಯುತ್ತ, ನಡುನಡುವೆ ನಮ್ಮಂಥವರಿಗೆ ಸುದ್ದಿಯ ವಿಡಿಯೊ ಕಳಿಸುತ್ತ ಇರುವವನು. ಸೋನಿಯ ಹಳೆಯ ಮಿರರ್‌ಲೆಸ್ ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಾನೆ. ಅದರ ಜೊತೆ ಬಂದದ್ದು 16-50 ಕಿಟ್ ಲೆನ್ಸ್.

"ಅಣ್ಣಾ, ಕಿಟ್ ಲೆನ್ಸ್ ಬಿಸಾಕು, ಅದರಾಗ ಏನೂ ಬರಂಗಿಲ್ಲ, 2.8 ತಗೋ ಅಂತ ಅಂಗಡ್ಯಾಗ ಹೇಳ್ಯಾರ. ಅವ್ವನ ಸಂಘದಾಗ ಸಾಲ ಕೇಳೀವಿ. ತಗೊಳ್ಳೋದಾ, ಬ್ಯಾಡಾ?"

ಸಂಘದ ಸಾಲ ಅಂದರೆ ಕಂತು ತಪ್ಪುವಂತಿಲ್ಲ. ಮಗನ ಲೆನ್ಸಿಗೆ ತಾಯಿ ಹತ್ತು ಜನ ಹೆಂಗಸರ ಮುಂದೆ ಜವಾಬ್ದಾರಿ ಹೊರಬೇಕು. ಫೋನಿನಲ್ಲಿ ಹೂಂ, ಊಹೂಂ ಅನ್ನುವ ಮಾತಲ್ಲ ಇದು. ಎರಡು ದಿನ ಬಿಟ್ಟು ಹೇಳುತ್ತೇವೆ ಅಂದೆವು. ಆ ಎರಡು ದಿನ ನಾವು ಮಾಡಿದ್ದು ಒಂದೇ: ಈ ಲೆನ್ಸ್ ಇಷ್ಟು ಹಗುರ ಆದದ್ದು ಹೇಗೆ ಅಂತ ಮೊದಲಿನಿಂದ ನೋಡಿಕೊಂಡು ಬಂದದ್ದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ. ದರಪಟ್ಟಿ ಇಲ್ಲಿಲ್ಲ. ದರ ದಿನಕ್ಕೊಂದು ಇರುತ್ತದೆ.

ಮೊದಲು 'ಸ್ಟ್ಯಾಂಡರ್ಡ್' ಅನ್ನುವ ಮಾತು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಸಿನಿಮಾ ರೀಲನ್ನೇ ಹಾಕಿ ಫೋಟೊ ತೆಗೆಯುವ ಪುಟ್ಟ ಕ್ಯಾಮೆರಾ. ಅದಕ್ಕೆ ಕೂರಿಸಿದ್ದು 50 ಮಿ.ಮೀ. ಲೆನ್ಸ್. ತೀರಾ ಅಗಲವೂ ಅಲ್ಲ, ತೀರಾ ಹತ್ತಿರಕ್ಕೆ ಎಳೆಯುವುದೂ ಅಲ್ಲ. ಅಲ್ಲಿಂದ ಮುಂದೆ 50 ಅಂದರೆ ಸ್ಟ್ಯಾಂಡರ್ಡ್ ಅಂತಾಯಿತು. ಆ 50ನ್ನು ನಡುವೆ ಇಟ್ಟುಕೊಂಡು ಈ ಕಡೆ ಅಗಲಕ್ಕೂ ಆ ಕಡೆ ಹತ್ತಿರಕ್ಕೂ ಹೋಗುವ ಲೆನ್ಸಿಗೆ ಸ್ಟ್ಯಾಂಡರ್ಡ್ ಜೂಮ್ ಅನ್ನುತ್ತಾರೆ. ಈಗಿನ 24-70, 28-70 ಎಲ್ಲ ಅದೇ ಕುಲ. ನಮ್ಮ ಹುಡುಗನ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಎಪಿಎಸ್-ಸಿ ಅನ್ನುವ ಅಳತೆಯದು. ಅದರಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಬೇಕು. 16-50 ಅಂದರೆ ಲೆಕ್ಕಕ್ಕೆ 24-75.

ಸಿನಿಮಾದವರ ಕೈಗೆ ಜೂಮ್ ಬೇಗ ಸಿಕ್ಕಿತ್ತು. 1932ರಲ್ಲೇ ಕುಕ್ ವ್ಯಾರೊ ಎಂಬ ಲೆನ್ಸ್ ಬಂದಿತ್ತು. ಫೋಟೊದವರು ಇನ್ನೂ 27 ವರ್ಷ ಕಾಯಬೇಕಾಯಿತು. ಸಿನಿಮಾದಲ್ಲಿ ಚಿತ್ರ ಓಡುತ್ತಿರುತ್ತದೆ, ಮೂಲೆ ಸ್ವಲ್ಪ ಮಸುಕಾದರೆ ಯಾರೂ ಹಿಡಿದು ನೋಡುವುದಿಲ್ಲ. ಫೋಟೊ ಹಾಗಲ್ಲ, ಗೋಡೆಗೆ ತೂಗುಹಾಕುತ್ತಾರೆ, ದಿನವೂ ನೋಡುತ್ತಾರೆ.

1959ರಲ್ಲಿ ಬಂತು ಫೋಟೊ ಕ್ಯಾಮೆರಾದ ಮೊದಲ ಜೂಮ್. ಹೆಸರು ಜೂಮಾರ್, 36-82 ಮಿ.ಮೀ., ಎಫ್/2.8. ಮಾಡಿದವರು ಫ್ರಾಂಕ್ ಬ್ಯಾಕ್, ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಂಜಿನಿಯರ್. ಮಾರಿದ್ದು ಜರ್ಮನಿಯ ಫಾಯ್ಕ್ಟ್‌ಲೆಂಡರ್ ಕಂಪನಿ. ಒಳಗೆ 14 ಗಾಜು. ತೂಕ ಮುಕ್ಕಾಲು ಕೆಜಿ ದಾಟಿತ್ತು. ಮುಂದಿನ ಬಾಯಿಗೆ ಹಾಕುವ ಫಿಲ್ಟರ್ 95 ಮಿ.ಮೀ., ಹೆಚ್ಚುಕಡಿಮೆ ನಮ್ಮ ಮನೆಯ ನೀರು ಕುಡಿಯುವ ಲೋಟದ ಬಾಯಿಗಿಂತ ದೊಡ್ಡದು.

ಇದೇ ಫಾಯ್ಕ್ಟ್‌ಲೆಂಡರ್ ಕಂಪನಿಯ ಇನ್ನೊಂದು ಕತೆ ಇಲ್ಲಿ ಹೇಳಲೇಬೇಕು. 1840ರಲ್ಲಿ ವಿಯೆನ್ನಾದ ಗಣಿತದ ಪ್ರೊಫೆಸರ್ ಜೋಸೆಫ್ ಪೆಟ್ಸ್‌ವಾಲ್ ಮುಖ ಚಿತ್ರ ತೆಗೆಯಲು ಹೊಸ ಲೆನ್ಸ್ ಲೆಕ್ಕ ಹಾಕಿದರು, ತಯಾರಿಸಿದ್ದು ಈ ಕಂಪನಿ. ಗಾಜಿನಿಂದ ಗಾಜಿಗೆ ಬೆಳಕು ಹೇಗೆ ಬಾಗುತ್ತದೆ ಅಂತ ಒಂದೊಂದೇ ಕಿರಣದ ಲೆಕ್ಕ ಮಾಡಬೇಕು. ಒಬ್ಬರಿಂದ ಆಗದ ಕೆಲಸ. ಆಸ್ಟ್ರಿಯಾದ ರಾಜಮನೆತನದವರೊಬ್ಬರು ಫಿರಂಗಿ ದಳದ ಲೆಕ್ಕ ಬಲ್ಲ ಸೈನಿಕರನ್ನು ಪ್ರೊಫೆಸರರ ಸಹಾಯಕ್ಕೆ ಕೊಟ್ಟರು. ಗುಂಡು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕುವವರು ಬೆಳಕು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿದರು. ಅದು ಒಂದೇ ಫೋಕಲ್ ಲೆಂಗ್ತ್‌ನ ಲೆನ್ಸ್. ಜೂಮ್ ಅಂದರೆ ಆ ಲೆಕ್ಕವನ್ನು 36ಕ್ಕೂ ಮಾಡಬೇಕು, 50ಕ್ಕೂ ಮಾಡಬೇಕು, 82ಕ್ಕೂ ಮಾಡಬೇಕು. ಎಲ್ಲದರಲ್ಲೂ ಪಾಸಾಗುವ ಗಾಜಿನ ಜೋಡಣೆ ಹುಡುಕಬೇಕು. ಜೂಮ್ ತಡವಾಗಿ ಬಂದದ್ದಕ್ಕೂ ಬಂದಾಗ ಅಷ್ಟು ಭಾರ ಇದ್ದದ್ದಕ್ಕೂ ಕಾರಣ ಇದು. ಒಂದು ಗಾಜು ಮಾಡಿದ ತಪ್ಪನ್ನು ಇನ್ನೊಂದು ಗಾಜು ತಿದ್ದಬೇಕು, ಅದರ ತಪ್ಪನ್ನು ಮತ್ತೊಂದು. ಗಾಜು ಬಿಟ್ಟರೆ ತಿದ್ದುವವರು ಬೇರೆ ಯಾರೂ ಇರಲಿಲ್ಲ.

ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1963ರಲ್ಲಿ ಜಪಾನಿನ ನಿಕಾನ್ ಹಗುರ ಮಾಡುವ ಧೈರ್ಯ ಮಾಡಿತು. 43-86 ಮಿ.ಮೀ., ಎಫ್/3.5. ಜೂಮಾರ್‌ನಷ್ಟು ಅಗಲ ಬೇಡ, ಅಷ್ಟು ಬೆಳಕೂ ಬೇಡ, ಸಾಮಾನ್ಯ ಜನ ಕೊಳ್ಳುವಂತಿರಲಿ ಅನ್ನುವ ಲೆಕ್ಕ. ನಿಕೊರೆಕ್ಸ್ ಜೂಮ್ 35 ಎಂಬ ಕ್ಯಾಮೆರಾಕ್ಕೆ ಅಂಟಿಸಿಯೇ ಮಾರಿದರು, ಆಮೇಲೆ ಬಿಡಿಯಾಗಿಯೂ ಕೊಟ್ಟರು. ತೂಕ ನಾನೂರು ಗ್ರಾಂ ಆಸುಪಾಸಿಗೆ ಇಳಿಯಿತು. ಚೆನ್ನಾಗಿ ಮಾರಾಟವೂ ಆಯಿತು. ಆದರೆ ಕಂಬ, ಬಾಗಿಲು, ಗೋಡೆಯ ಅಂಚು ಬಾಗಿ ಬರುತ್ತಿದ್ದವು. ನಿಕಾನ್ ಮಾಡಿದ ಕಳಪೆ ಲೆನ್ಸುಗಳ ಮಾತು ಬಂದಾಗೆಲ್ಲ ಇವತ್ತಿಗೂ ಮೊದಲು ಬರುವುದು ಈ 43-86ರ ಹೆಸರು.

ನಮಗೆ ಈ ಲೆನ್ಸಿನ ಮೇಲೆ ಒಂಥರಾ ಕನಿಕರ. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇವೆ.

1973ರಲ್ಲಿ ಕ್ಯಾನನ್‌ನ 35-70 ಬಂತು. ಇದರ ಒಳಗಿನ ವ್ಯವಸ್ಥೆ ಸರಳ. ಗಾಜುಗಳನ್ನು ಎರಡು ಗುಂಪು ಮಾಡಿ, ಮುಂದಿನದು ಬೆಳಕನ್ನು ಹರಡುವ ಗುಂಪು, ಹಿಂದಿನದು ಕೂಡಿಸುವ ಗುಂಪು, ಎರಡನ್ನೂ ಹತ್ತಿರ ದೂರ ಸರಿಸಿದರೆ ಜೂಮ್. ಆಮೇಲಿನ ಚಿಕ್ಕ ಜೂಮ್‌ಗಳಿಗೆಲ್ಲ ಇದು ದಾರಿ ಮಾಡಿಕೊಟ್ಟಿತು. ಹಾಗಂತ ಭಾರ ಇಳಿಯುತ್ತಲೇ ಹೋಯಿತು ಅಂದುಕೊಳ್ಳಬೇಡಿ. 1981ರಲ್ಲಿ ಪೆಂಟಾಕ್ಸ್ ತನ್ನ ಎಂಇ-ಎಫ್ ಕ್ಯಾಮೆರಾಕ್ಕೆ ತಾನೇ ಫೋಕಸ್ ಮಾಡುವ 35-70 ಲೆನ್ಸ್ ತಂದಾಗ ಮೋಟರ್ ಅಷ್ಟೇ ಅಲ್ಲ, ಬ್ಯಾಟರಿ ಸೆಲ್ಲುಗಳನ್ನೂ ಲೆನ್ಸಿನೊಳಗೇ ತುಂಬಿತ್ತು! ಕೆಳಗೆ ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು. ನಾಲ್ಕೇ ವರ್ಷಕ್ಕೆ, 1985ರಲ್ಲಿ, ಮಿನೋಲ್ಟಾ 7000 ಬಂದು ಮೋಟರನ್ನೂ ಬ್ಯಾಟರಿಯನ್ನೂ ಕ್ಯಾಮೆರಾದ ಹೊಟ್ಟೆಗೆ ಹಾಕಿತು. ಲೆನ್ಸ್ ಸಣ್ಣಗಾಯಿತು. ಭಾರ ಮಾಯ ಆಗಲಿಲ್ಲ, ಜಾಗ ಬದಲಿಸಿತು.

ಅಲ್ಲಿಂದ ಈಚಿನ ಕತೆಯೆಲ್ಲ ಹೀಗೆಯೇ ನಡೆದಿದೆ ಅನ್ನುವುದು ನಮ್ಮ ಅಭಿಪ್ರಾಯ. ಲೆನ್ಸಿನಿಂದ ಏನೋ ಇಳಿಯುತ್ತದೆ, ಬೇರೆ ಯಾರೋ ಹೊರುತ್ತಾರೆ.

2003ರಲ್ಲಿ ಕ್ಯಾನನ್ 300ಡಿ ಜೊತೆ ಬಂದ 18-55 ಲೆನ್ಸ್ ನೋಡಿ. ಸುಮಾರು 190 ಗ್ರಾಂ. ನಮ್ಮ ಕಡೆ ಡಿಜಿಟಲ್‌ಗೆ ಬಂದ ಎಷ್ಟೋ ಸ್ಟುಡಿಯೋದವರ ಮೊದಲ ಲೆನ್ಸು ಇಂಥ 18-55ಗಳೇ. ಇಲ್ಲಿ ಹೊರೆ ಹೊತ್ತದ್ದು ಸೆನ್ಸರ್. ಸೆನ್ಸರೇ ಚಿಕ್ಕದಾದ್ದರಿಂದ ಲೆನ್ಸ್ ಬೆಳಕು ಚೆಲ್ಲಬೇಕಾದ ಜಾಗವೂ ಚಿಕ್ಕದಾಯಿತು, ಹಳೆಯ ರೀಲಿನ ಚೌಕದ ಅರ್ಧಕ್ಕಿಂತ ಕಡಿಮೆ. ಎಫ್ ಸಂಖ್ಯೆಯೂ 3.5ರಿಂದ 5.6ಕ್ಕೆ ಜಾರುವಂಥದ್ದು.

ಈ ಎಫ್ ಸಂಖ್ಯೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳೋಣ, ಯಾಕೆಂದರೆ ಹುಡುಗನ ಸಾಲ ನಿಂತಿರುವುದೇ ಇದರ ಮೇಲೆ. ಫೋಕಲ್ ಲೆಂಗ್ತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಗಿಲಿನ ಅಗಲ ಸಿಗುತ್ತದೆ. 50 ಮಿ.ಮೀ. ಎಫ್/2.8 ಅಂದರೆ ಸುಮಾರು 18 ಮಿ.ಮೀ. ಬಾಗಿಲು. ಎಫ್/5.6 ಅಂದರೆ 9. ಅಗಲ ಅರ್ಧ ಆದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ರಾತ್ರಿ ದೊಡ್ಡಾಟದಲ್ಲಿ ಎಫ್/2.8 ಇಟ್ಟು ಸೆಕೆಂಡಿನ 100ನೇ ಒಂದು ಭಾಗದಲ್ಲಿ ತೆಗೆದ ಫೋಟೊವನ್ನು ಎಫ್/5.6ರಲ್ಲಿ ತೆಗೆಯಬೇಕಾದರೆ 25ನೇ ಒಂದು ಭಾಗ ಬೇಕು. ಅಷ್ಟರಲ್ಲಿ ಕುಣಿಯುವವನ ಕಾಲು ಮೂರು ಕಾಲಾಗಿರುತ್ತದೆ. ಇಲ್ಲವೇ ಐಎಸ್ಒ ಅನ್ನು 1600ರಿಂದ 6400ಕ್ಕೆ ಏರಿಸಬೇಕು, ಆಗ ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಅಂದರೆ ಹಗುರ ಲೆನ್ಸ್ ಬಿಟ್ಟುಕೊಟ್ಟ ಬೆಳಕನ್ನು ಸೆನ್ಸರ್ ಹೊರುತ್ತದೆ. ಈಗಿನ ಸೆನ್ಸರುಗಳು ಆ ಹೊರೆ ಚೆನ್ನಾಗಿಯೇ ಹೊರುತ್ತವೆ, ಹಳೆಯವು ಏದುಸಿರು ಬಿಡುತ್ತವೆ.

ಇನ್ನು ಮಿರರ್‌ಲೆಸ್. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಕನ್ನಡಿ, ಕ್ಲಿಕ್ ಮಾಡಿದಾಗ ಅದು ಮೇಲೆ ಏಳುತ್ತದೆ. ಅದು ಏಳಲು ಜಾಗ ಬೇಕಲ್ಲ? ಅದಕ್ಕೇ ಕ್ಯಾನನ್‌ನಲ್ಲಿ ಲೆನ್ಸ್ ಕೂರುವ ರಿಂಗು ಸೆನ್ಸರಿನಿಂದ 44 ಮಿ.ಮೀ. ದೂರ, ನಿಕಾನ್‌ನಲ್ಲಿ 46.5. 2008ರಲ್ಲಿ ಪ್ಯಾನಸಾನಿಕ್ ಜಿ1 ಕ್ಯಾಮೆರಾ ಕನ್ನಡಿಯನ್ನೇ ತೆಗೆದುಹಾಕಿತು. ಸೋನಿಯ ಮಿರರ್‌ಲೆಸ್‌ನಲ್ಲಿ ಈ ದೂರ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16. ಗಾಜನ್ನು ಸೆನ್ಸರಿನ ಹತ್ತಿರಕ್ಕೆ ತರಬಹುದು, ಆದ್ದರಿಂದ ಲೆನ್ಸ್ ಹಗುರ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ ಅಷ್ಟೆ. ಕನ್ನಡಿ ಇದ್ದ ಕಾಲದ ಕ್ಯಾನನ್ 24-70 ಎಫ್/2.8, 2012ರದ್ದು, 805 ಗ್ರಾಂ. ಕನ್ನಡಿ ಇಲ್ಲದ ಸೋನಿಗೆ 2016ರಲ್ಲಿ ಬಂದ ಅದೇ ಅಳತೆಯ ಜಿಎಂ ಲೆನ್ಸ್ 886 ಗ್ರಾಂ! ಕನ್ನಡಿ ಹೋಯಿತು, ಭಾರ ಹೆಚ್ಚಾಯಿತು. 2022ರ ಎರಡನೇ ಆವೃತ್ತಿಯಲ್ಲಿ ಅದು 695ಕ್ಕೆ ಇಳಿದದ್ದು ಬೇರೆ ಮಾತು.

ಹಾಗಾದರೆ ಮಿರರ್‌ಲೆಸ್ ಕಿಟ್ ಲೆನ್ಸುಗಳು ಅಷ್ಟು ಹಗುರ ಹೇಗಾದವು? ಎರಡು ಗುಟ್ಟಿವೆ.

ಕನ್ನಡಿಯ ಕ್ಯಾಮೆರಾದಲ್ಲಿ ಫೋಕಸ್ ಹುಡುಕುವ ಸಾಧನ ಬೇರೆಯೇ ಇರುತ್ತಿತ್ತು. ಎಫ್/5.6ಕ್ಕಿಂತ ಕಡಿಮೆ ಬೆಳಕು ಬಂದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಕೈ ಎತ್ತುತ್ತಿತ್ತು. ಹಾಗಾಗಿ ಕಂಪನಿಗಳು 5.6ಕ್ಕಿಂತ ಕೆಳಗೆ ಇಳಿಯಲು ಹೆದರುತ್ತಿದ್ದವು. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸ್ ಮಾಡುತ್ತದೆ, ಆ ಹೆದರಿಕೆ ಹೋಯಿತು. ಈಗ ಎಫ್/6.3, ಎಫ್/7.1ರ ತನಕ ಬಂದಿದ್ದಾರೆ. ಕ್ಯಾನನ್‌ನ ಹಳೆಯ 24-105 ಎಫ್/4 ಲೆನ್ಸ್ 670 ಗ್ರಾಂ ಇತ್ತು. 2020ರ ಆರ್‌ಎಫ್ 24-105 ಎಫ್/4-7.1 ಲೆನ್ಸ್ 395 ಗ್ರಾಂ. ಕಡಿಮೆಯಾದ 275 ಗ್ರಾಂನಲ್ಲಿ ಎಷ್ಟೋ ಪಾಲು ಬೆಳಕಿನದೇ. ನಿಕಾನ್‌ನ ಚಿಕ್ಕ ಸೆನ್ಸರಿನ 16-50, ತೂಕ 135 ಗ್ರಾಂ, ಕೊನೆಗೆ ಹೋದರೆ ಎಫ್/6.3. ಎಫ್/2.8 ಪಕ್ಕ ಇಟ್ಟರೆ ಬೆಳಕು ಐದರಲ್ಲಿ ಒಂದು ಪಾಲು.

ಎರಡನೆಯದು ಸಾಫ್ಟ್‌ವೇರ್. ಪ್ಯಾನಸಾನಿಕ್, ಒಲಿಂಪಸ್ ಸೇರಿ ಕಟ್ಟಿದ ಮೈಕ್ರೊ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ ಲೆನ್ಸ್ ತನ್ನ ತಪ್ಪುಗಳ ಪಟ್ಟಿಯನ್ನು ತಾನೇ ಹೊತ್ತು ತಿರುಗುತ್ತದೆ. ಕ್ಯಾಮೆರಾಕ್ಕೆ ಹಾಕಿದ ಕೂಡಲೇ "ನಾನು ಇಷ್ಟು ಬಾಗಿಸುತ್ತೇನೆ" ಅಂತ ಹೇಳುತ್ತದೆ, ಕ್ಯಾಮೆರಾ ಎಳೆದು ನೆಟ್ಟಗೆ ಮಾಡುತ್ತದೆ. ನಾವು ವ್ಯೂಫೈಂಡರಿನಲ್ಲಿ ನೋಡುವುದು ತಿದ್ದಿದ ಪ್ರತಿ. ನಿಮ್ಮ ಕೈಯಲ್ಲಿರುವ ಫೋನ್ ಮಾಡುವುದೂ ಇದನ್ನೇ. ಗಾಜು ಮಾಡಿದ ತಪ್ಪನ್ನು ತಿದ್ದಲು ಇನ್ನು ಗಾಜೇ ಬೇಕಿಲ್ಲ. 2013ರಲ್ಲಿ ಪ್ಯಾನಸಾನಿಕ್‌ನ 12-32 ಬಂತು, ತೂಕ ಬರೀ 70 ಗ್ರಾಂ. ಜೇಬಿನಲ್ಲಿ ಇಟ್ಟು ಮರೆಯುವಷ್ಟು.

ಆ ಬಡಪಾಯಿ 43-86ರ ಮೇಲೆ ಕನಿಕರ ಯಾಕೆ ಅಂದೆವಲ್ಲ, ಅದು ಇದಕ್ಕೆ. ಅದು ಬಾಗಿಸಿದ್ದಕ್ಕಿಂತ ಜಾಸ್ತಿ ಬಾಗಿಸುವ ಲೆನ್ಸುಗಳನ್ನು ಇವತ್ತು ನಾವು ಸಂತೋಷದಿಂದ ಕೊಳ್ಳುತ್ತೇವೆ. ಅದರ ತಪ್ಪು ರೀಲಿನ ಮೇಲೆ ಉಳಿಯಿತು, ಇವುಗಳ ತಪ್ಪು ನಮ್ಮ ಕಣ್ಣಿಗೆ ಬೀಳುವ ಮೊದಲೇ ತಿದ್ದಿ ಹೋಗುತ್ತದೆ.

ಹುಡುಗನ ಹತ್ತಿರ ಇರುವ ಸೋನಿ 16-50 ಈ ಜಾತಿಯದೇ. 2012ರದ್ದು, 116 ಗ್ರಾಂ, ಮಡಚಿದರೆ 3 ಸೆಂ.ಮೀ. ದಪ್ಪ. ಒಳಗೆ 9 ಗಾಜು, ಅದರಲ್ಲಿ 4 ಆಸ್ಫೆರಿಕಲ್. ಅಂದರೆ ಚೆಂಡಿನ ತುಂಡಿನ ಹಾಗೆ ಒಂದೇ ದುಂಡಿನಲ್ಲಿ ಇರದೆ, ಅಂಚಿನ ಕಡೆ ಬಾಗು ಬದಲಾಗುವ ಗಾಜು. ಇಂಥದೊಂದು ಎರಡು ಮೂರು ಸಾದಾ ಗಾಜಿನ ಕೆಲಸ ಮಾಡುತ್ತದೆ. ಇಷ್ಟಾದರೂ 16ರಲ್ಲಿ ತೆಗೆದ ರಾ ಫೈಲನ್ನು ತಿದ್ದುಪಡಿ ಇಲ್ಲದೆ ತೆರೆದರೆ ಮದುವೆ ಮಂಟಪದ ಕಂಬಗಳು ಹೊಟ್ಟೆ ಬಿಟ್ಟುಕೊಂಡು ನಿಂತಿರುತ್ತವೆ, ಮೂಲೆ ಕಪ್ಪಗಿರುತ್ತದೆ. ಜೆಪೆಗ್‌ನಲ್ಲಿ ಇದಾವುದೂ ಕಾಣುವುದಿಲ್ಲ, ಮೂಲೆಗಳನ್ನು ಎಳೆದಿರುವುದರಿಂದ ಅಲ್ಲಿ ಸ್ವಲ್ಪ ಮೆತ್ತಗಿರುತ್ತದೆ ಅಷ್ಟೆ. ಇದಕ್ಕೆ 'ಏನೂ ಬರಂಗಿಲ್ಲ' ಅನ್ನುವುದು ಅನ್ಯಾಯ.

ಅಂಗಡಿಯವರು ತೋರಿಸಿದ್ದು ಸಿಗ್ಮಾ 18-50 ಎಫ್/2.8. 2021ರಲ್ಲಿ ಬಂದದ್ದು, 290 ಗ್ರಾಂ, ಫಿಲ್ಟರ್ 55 ಮಿ.ಮೀ. 1959ರ ಜೂಮಾರ್ ಕೂಡ ಎಫ್/2.8 ಅನ್ನುವುದನ್ನು ನೆನೆಸಿಕೊಂಡರೆ ಎಷ್ಟು ದೂರ ಬಂದಿದ್ದೇವೆ ಅನಿಸುತ್ತದೆ. ಒಳ್ಳೆಯ ಲೆನ್ಸ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಕನ್ನು ಉಳಿಸಿಕೊಂಡು ಹಗುರ ಮಾಡಬೇಕಾದರೆ ಬೇರೆ ಏನನ್ನೋ ಇಳಿಸಿರಲೇಬೇಕು. ಏನು ಅಂತ ಹುಡುಕಿದೆವು.

ಒಂದು, ಅಗಲ. 16ರ ಬದಲು 18ರಿಂದ ಶುರು. ದೊಡ್ಡ ಸೆನ್ಸರಿನವರಲ್ಲೂ ಇದೇ ಉಪಾಯ. 2018ರಲ್ಲಿ ಟ್ಯಾಮ್ರಾನ್ ಸೋನಿಗೆ 28-75 ಎಫ್/2.8 ತಂದು 550 ಗ್ರಾಂಗೆ ಇಳಿಸಿತು, 2021ರಲ್ಲಿ ಸಿಗ್ಮಾ 28-70ನ್ನು 470ಕ್ಕೆ ಇಳಿಸಿತು. ಇಬ್ಬರೂ 24 ಬಿಟ್ಟು 28ರಿಂದ ಶುರು ಮಾಡಿದವರು. ಕಾಗದದ ಮೇಲೆ ನಾಲ್ಕೇ ಮಿ.ಮೀ. ನಮ್ಮ ಹಳ್ಳಿಮನೆಯ ನಡುಮನೆಯಲ್ಲಿ ತೊಟ್ಟಿಲಿನ ಸುತ್ತ ಹದಿನೈದು ಜನ ನಿಂತಾಗ ಫೋಟೊದವನ ಬೆನ್ನಿಗೆ ಗೋಡೆ ತಾಗುತ್ತದೆ, ಇನ್ನು ಹಿಂದೆ ಸರಿಯಲು ಜಾಗ ಇರುವುದಿಲ್ಲ. ಅಲ್ಲಿ ಆ ನಾಲ್ಕು ಮಿ.ಮೀ. ಅಂದರೆ ಅಂಚಿನಲ್ಲಿ ನಿಂತ ಚಿಕ್ಕಮ್ಮ ಚೌಕಟ್ಟಿನಿಂದ ಹೊರಗೆ.

ಇನ್ನೊಂದನ್ನು ಅಂಗಡಿಯವರು ಹೇಳಿಯೇ ಇರಲಿಲ್ಲ. ಕೈ ನಡುಗಿದರೂ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ, ಸ್ಟೆಬಿಲೈಸೇಶನ್, ಈ ಸಿಗ್ಮಾದಲ್ಲಿ ಇಲ್ಲ. ಅದನ್ನು ಕ್ಯಾಮೆರಾ ಬಾಡಿ ಹೊರಲಿ ಅನ್ನುವುದು ಅವರ ಲೆಕ್ಕ. ಹೊಸ ದುಬಾರಿ ಬಾಡಿಗಳಲ್ಲಿ ಅದು ಇರುತ್ತದೆ. ಹುಡುಗನ ಹಳೆಯ ಬಾಡಿಯಲ್ಲಿ ಇಲ್ಲ. ಅವನ ಕಿಟ್ ಲೆನ್ಸಿನಲ್ಲಿ ಇದೆ! ಅಂದರೆ ಸಾಲ ಮಾಡಿ ತಂದ ಲೆನ್ಸ್ ಹಾಕಿ ಕೈಯಲ್ಲಿ ಹಿಡಿದು ಸುದ್ದಿಯ ವಿಡಿಯೊ ತೆಗೆದರೆ, ಬಿಸಾಕು ಅಂದ ಲೆನ್ಸಿಗಿಂತ ಅದು ಜಾಸ್ತಿ ಅಲುಗುತ್ತದೆ. ಸ್ಟೆಬಿಲೈಸೇಶನ್ ಇರುವ ಎಫ್/2.8 ಬೇಕೇ ಬೇಕು ಅಂದರೆ ಟ್ಯಾಮ್ರಾನ್ 17-70 ಇದೆ, ತೂಕ 525 ಗ್ರಾಂ. ಇಳಿದ ಭಾರ ಮತ್ತೆ ಹತ್ತಿ ಕೂತಿತು.

ಎರಡು ದಿನ ಬಿಟ್ಟು ಹುಡುಗನಿಗೆ ಇದನ್ನೆಲ್ಲ ಹೇಳಿದೆವು. ಹಾಗೇ ಒಂದು ಕೆಲಸವನ್ನೂ ಹಚ್ಚಿದೆವು. ಹಿಂದಿನ ಸೀಸನ್ನಿನ ಫೋಟೊಗಳನ್ನು ತೆರೆದು, ಗಿರಾಕಿ ಆಲ್ಬಮ್ಮಿಗೆ ಆರಿಸಿಕೊಂಡವನ್ನು ಮಾತ್ರ ನೋಡು, ಎಷ್ಟು ಮಿ.ಮೀ., ಯಾವ ಎಫ್, ಎಷ್ಟು ಐಎಸ್ಒ ಅಂತ ಡೀಟೇಲ್ಸ್‌ನಲ್ಲಿ ಇರುತ್ತದೆ, ಬರೆದುಕೋ ಅಂದೆವು. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದ ಪುಟಗಳ ಫೋಟೊ ಕಳಿಸಿದ. ಹಗಲಿನ ಅಕ್ಷತೆ, ಶಾಮಿಯಾನದ ಊಟ, ಗುಂಪು ಫೋಟೊ ಎಲ್ಲ 16ರಿಂದ 20ರ ನಡುವೆ. ಅಲ್ಲಿ ಕಿಟ್ ಲೆನ್ಸ್ ಎಫ್/3.5ರ ಸುತ್ತಮುತ್ತ ಇರುತ್ತದೆ. 2.8ಕ್ಕೂ ಅದಕ್ಕೂ ಅಂತರ ಒಂದೂವರೆ ಪಟ್ಟು ಅಷ್ಟೆ, ಹಗಲಲ್ಲಿ ಲೆಕ್ಕಕ್ಕಿಲ್ಲ. ತೊಂದರೆ ಇದ್ದದ್ದು ರಾತ್ರಿಯ ಮುಖಗಳಲ್ಲಿ: ಅರಿಶಿನ ಶಾಸ್ತ್ರ, ಮೆರವಣಿಗೆ, ಆಟ. ಅಲ್ಲೆಲ್ಲ 50ಕ್ಕೆ ಎಳೆದಿದ್ದಾನೆ, ಎಫ್/5.6, ಐಎಸ್ಒ 6400. ಗಿರಾಕಿ ಬೇಡ ಅಂದು ಬಿಟ್ಟ ಫೋಟೊಗಳಲ್ಲಿ ಹೆಚ್ಚಿನವು ಇವೇ ಅಂತ ಅವನೇ ಕೆಳಗೆ ಬರೆದಿದ್ದ.

ಆಮೇಲೆ ಹುಬ್ಬಳ್ಳಿಯಿಂದ 18-50ನ್ನು ಎರಡು ದಿನಕ್ಕೆ ಬಾಡಿಗೆಗೆ ತಂದ. ಒಂದು ರಾತ್ರಿ ದೊಡ್ಡಾಟ, ಮರುದಿನ ಮದುವೆ. ಆಟದ ಫೋಟೊ ನಮಗೂ ಕಳಿಸಿದ್ದ. ರಾಕ್ಷಸ ವೇಷದವನ ಕಣ್ಣ ಸುತ್ತಿನ ಬಣ್ಣ ಬೆವರಿಗೆ ಕರಗಿದ್ದು ಕೂಡ ಕಾಣುತ್ತಿತ್ತು. ವಿಡಿಯೊ ಮಾತ್ರ ಎತ್ತಿನಗಾಡಿಯಲ್ಲಿ ಕೂತು ತೆಗೆದ ಹಾಗಿತ್ತು.

ಲೆನ್ಸ್ ತಗೊಳ್ಳುವುದು ಅಂತ ನಿರ್ಧರಿಸಿದ್ದಾನೆ, ಸುಗ್ಗಿ ಮುಗಿದ ಮೇಲೆ ಶುರುವಾಗುವ ಮದುವೆಗಳಿಗೆ ಮುಂಗಡ ಬಂದ ನಂತರ, ಸಂಘದಲ್ಲಿ ಮೊದಲು ಕೇಳಿದ್ದಕ್ಕಿಂತ ಕಡಿಮೆ ಸಾಲ ಮಾಡಿ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. "ಅಣ್ಣಾ, ಕಿಟ್ ಲೆನ್ಸ್ ಕೊಟ್ರ ಎಕ್ಸ್‌ಚೇಂಜ್‌ನಾಗ ಒಂದಿಷ್ಟು ಬಿಡ್ತಾರಂತ. ಕೊಟ್ಟುಬಿಡ್ಲ್ಯಾ?"

ಕೊಡಬ್ಯಾಡ, ವಿಡಿಯೊಕ್ಕ ಇಟ್ಕೋ ಅಂದೆವು.